ಚೆಂಡು ಬುಟ್ಟಿಗೆ ಬೀಳದ ದಿನಗಳು



ಈ ತಿಂಗಳು ನಾವು ವಿಡಿಯೋ ಆಟವೊಂದರ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಮಕ್ಕಳಿರುವ ಮನೆಯವರು ಮಾತ್ರ ಹಾಗೆ ಮಾಡಲಾರರು.

2020ರ ಸೆಪ್ಟೆಂಬರ್ ತಿಂಗಳ ಮಾತು. ಕೊರೋನಾ ವ್ಯಾಧಿಯ ಕಾರಣ ಶಾಲೆಗಳೆಲ್ಲ ಮುಚ್ಚಿದ್ದವು. ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ದಾರಿಯಲ್ಲಿರುವ ಯರಗೇರಾದಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಮನೆತನವೊಂದಿದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಆ ಮನೆಯ ಮಗ ಸಂಸಾರ ಸಮೇತ ಊರಿಗೆ ಬಂದು, ಪಡಸಾಲೆಯಲ್ಲಿಯೇ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ನಡೆಸಿದ್ದರು. ಅವರ ಹದಿಮೂರು ವರ್ಷದ ಮಗನು ಬ್ಯಾಸ್ಕೆಟ್‌ಬಾಲ್ ಆಟಗಾರ. ಆ ವರ್ಷ ಶಾಲೆಯ ತಂಡಕ್ಕೆ ಆಯ್ಕೆಯಾಗುವೆನೆಂದು ನಂಬಿಕೊಂಡಿದ್ದವನು. ಆಟದಂಗಳಕ್ಕೆ ಬೀಗ ಬಿದ್ದ ಮೇಲೆ ಅವನಿಗೆ ಉಳಿದದ್ದು ಟಿವಿಯ ಪರದೆಯ ಮೇಲಿನ ಅಂಗಳವೊಂದೇ.

ನಾವು ಹೋದ ದಿನ ಹುಡುಗನು ಊಟ ಬಿಟ್ಟು ಮೂಲೆ ಸೇರಿದ್ದನು. ಆಟದ ಕಂಟ್ರೋಲರ್ ಗೋಡೆಗೆ ಬಡಿದು ನೆಲದ ಮೇಲೆ ಬಿದ್ದಿತ್ತು. “ಮಷೀನು ಮಾರಿಬಿಡ್ತೀನಿ” ಎಂದು ತಂದೆ ಗದರಿಸಿದ್ದರು. ವಿಚಾರಿಸಲಾಗಿ, ‘ಎನ್‌ಬಿಎ 2ಕೆ’ ಎಂಬ ಆಟದ ಹೊಸ ಆವೃತ್ತಿ, ಅಂದರೆ 2ಕೆ21, ಆಗತಾನೇ ಬಂದಿತ್ತು. ಹಳೆಯದರಲ್ಲಿ ಹತ್ತಕ್ಕೆ ಏಳೆಂಟು ಚೆಂಡು ಹಾಕುತ್ತಿದ್ದವನಿಗೆ ಇದರಲ್ಲಿ ಎರಡು ಬಿದ್ದರೆ ಹೆಚ್ಚು.

“ಅಜ್ಜಾರೇ, ಇದು ಮೋಸ ಮಾಡುತ್ತೆ” ಎಂದನು.

ಮೋಸ ಹೇಗೆಂದು ಅವನ ಪಕ್ಕದಲ್ಲಿ ಕುಳಿತು ನೋಡಿದೆವು. ಹಳೆಯದರಲ್ಲಿ ಪುಟ್ಟ ಕೋಲನ್ನು ಹಿಡಿದು ಸರಿಯಾದ ಕ್ಷಣಕ್ಕೆ ಬಿಟ್ಟರೆ ಸಾಕಾಗಿತ್ತು, ಪರೀಕ್ಷೆಯೆಲ್ಲ ಕಾಲದ್ದು. ಹೊಸದರಲ್ಲಿ ಅದೇ ಕೋಲನ್ನು ಕೆಳಗೆಳೆದು, ಎಡಕ್ಕೋ ಬಲಕ್ಕೋ ಸರಿಸಿ, ಪರದೆಯ ಪಟ್ಟಿಯ ನಡುವಿಗೆ ಗುರಿ ಕೂಡಿಸಬೇಕು. ಕೈ ಅದೇ, ಕೋಲು ಅದೇ, ಬೇಡುವ ವಿದ್ಯೆ ಬೇರೆ. ಕಾಲಕ್ಕೆ ಪಳಗಿದ ಬೆರಳಿಗೆ ದಿಕ್ಕು ತಿಳಿಯದು. ಬರಿಗೈಯಲ್ಲಿ ಬಂದವನಿಗಿಂತ ಪಳಗಿದವನಿಗೇ ಕಷ್ಟ ಹೆಚ್ಚು.

ನಮಗೆ ನಮ್ಮ ಪಾಠಶಾಲೆಯ ದಿನಗಳು ನೆನಪಾದವು. ಅಮರಕೋಶವನ್ನು ನಿಲ್ಲದೆ ಒಪ್ಪಿಸಿ ಜಾಣರೆನಿಸಿಕೊಂಡಿದ್ದೆವು. ಹೊಸ ಗುರುಗಳು ಬಂದು, ಒಪ್ಪಿಸುವುದು ಬೇಡ, ಶ್ಲೋಕದ ಅನ್ವಯ ಹೇಳಿರೆಂದರು. ನಾಲಗೆ ಕಟ್ಟಿತು. ಅವರಿಗೆ ಪಾಠ ಹೇಳಲು ಬಾರದೆಂದು ಮಠದ ಹಿರಿಯರಲ್ಲಿಗೆ ದೂರು ಒಯ್ದವರಲ್ಲಿ ನಾವೇ ಮೊದಲಿಗರು. ಇದನ್ನು ಹುಡುಗನಿಗೆ ಹೇಳಿದಾಗ ನಕ್ಕನು. ಕಂಟ್ರೋಲರ್ ಎತ್ತಿಕೊಂಡನು.

ಪಂದ್ಯ ಆಡುವುದು ಬೇಡ, ಎದುರಾಳಿಯಿಲ್ಲದ ಅಂಗಳದಲ್ಲಿ ಒಂದೇ ಜಾಗದಿಂದ ಎಸೆ ಎಂದೆವು. ಆಟದ ಸೂಕ್ಷ್ಮ ನಮಗೇನು ತಿಳಿದೀತು? ಮಂತ್ರ ಕಲಿತ ಕ್ರಮವನ್ನೇ ಹೇಳಿದೆವು. ಅವನ ತಂಗಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೀಟು ಹಾಕತೊಡಗಿದಳು. ಶಕ್ತಿನಗರದಲ್ಲಿ ನಾಡಿಗೆಲ್ಲ ವಿದ್ಯುತ್ ತಯಾರಿಸುವ ಜಿಲ್ಲೆಯಲ್ಲಿ ಕರೆಂಟು ಹೋಗಿ ಎರಡು ಬಾರಿ ಲೆಕ್ಕ ತಪ್ಪಿತು. ಮೂರನೆಯ ದಿನಕ್ಕೆ ಹತ್ತರಲ್ಲಿ ಐದು ಬೀಳುತ್ತಿದ್ದವು.

ಅಷ್ಟರಲ್ಲಿ ತಂದೆ ಫೋನಿನಲ್ಲಿ ಸುದ್ದಿಯೊಂದನ್ನು ಓದಿದರು. ಈ ಕಷ್ಟ ಯರಗೇರಾದ ಹುಡುಗನದಷ್ಟೇ ಆಗಿರಲಿಲ್ಲ. ಆಟದ ಮುಖಚಿತ್ರದಲ್ಲಿದ್ದ ಡೇಮಿಯನ್ ಲಿಲ್ಲಾರ್ಡ್, ಪೋರ್ಟ್‌ಲೆಂಡ್ ತಂಡದ ಹೆಸರಾಂತ ಆಟಗಾರ, ತಾನೂ ಚೆಂಡು ಹಾಕಲಾಗದೆ ಬಹಿರಂಗವಾಗಿ ದೂರಿದ್ದರಂತೆ! ತಯಾರಕರು ಕೆಲವೇ ದಿನಗಳಲ್ಲಿ ಕೆಳಗಿನ ಹಂತಗಳಿಗೆ ಎಸೆತವನ್ನು ಸಡಿಲಗೊಳಿಸಿದರು. ಅದು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಮೇಲಿನ ಮೆಟ್ಟಿಲು ಎತ್ತರವಿರಲಿ, ಮೊದಲ ಮೆಟ್ಟಿಲನ್ನೇ ಎತ್ತರ ಮಾಡುವುದು ಕಲಿಸುವವರ ತಪ್ಪು. ನಮ್ಮ ಹೊಸ ಗುರುಗಳೂ ಆಮೇಲೆ ಸುಲಭದ ಶ್ಲೋಕಗಳಿಂದಲೇ ಮತ್ತೆ ತೊಡಗಿದ್ದರು.

ಹಳ್ಳಿಯ ಇಂಟರ್‌ನೆಟ್ಟಿನಲ್ಲಿ ಆ ತಿದ್ದುಪಡಿ ಇಳಿಯಲು ರಾತ್ರಿಯೆಲ್ಲ ಹಿಡಿಯಿತು. ಬೆಳಿಗ್ಗೆ ಹುಡುಗನು ಎಸೆದದ್ದೆಲ್ಲ ಬುಟ್ಟಿಗೆ ಬಿತ್ತು. ತಂಗಿ ಚಪ್ಪಾಳೆ ತಟ್ಟಿದಳು. ಅವನ ಮುಖ ಮಾತ್ರ ಚಿಕ್ಕದಾಯಿತು.

“ಈಗ ತಾನೇ ನನಗೆ ಬರ್ತಾ ಇತ್ತು, ಅಜ್ಜಾರೇ. ಇದು ನಾನು ಹಾಕಿದ್ದೋ, ಅವರು ಬಿಟ್ಟುಕೊಟ್ಟಿದ್ದೋ?”

ಆಟದಲ್ಲಿ ರೂಕಿಯಿಂದ ಹಾಲ್ ಆಫ್ ಫೇಮ್‌ವರೆಗೆ ಹಲವು ಹಂತಗಳಿವೆಯೆಂದು ಅವನೇ ತೋರಿಸಿದನು. ಹಂತಗಳು ಎಂದೊಡನೆ ನಮ್ಮ ಮನಸ್ಸು ಎಲ್ಲಿಗೆ ಓಡಿತೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ; ಆ ಹೋಲಿಕೆಯನ್ನು ಅಲ್ಲಿಗೇ ತಡೆದುಕೊಂಡೆವು. ಯಾವ ಹಂತ ಆರಿಸಬೇಕೆಂದು ನಾವು ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನಿದ್ದುದಕ್ಕಿಂತ ಮೇಲಿನದನ್ನು ಒತ್ತಿದನು.

ಮೊದಲ ಚೆಂಡು ಕಂಬಿಗೆ ಬಡಿದು ಹೊರಗೆ ಹೋಯಿತು. ಎರಡನೆಯದೂ ಹೋಯಿತು. “ಯಪ್ಪಾ, ರೊಟ್ಟಿ ಆರಕತ್ತ್ಯಾವ, ಬಾರೋ” ಎಂದು ಒಳಗಿನಿಂದ ಅವನ ಅಜ್ಜಿ ಕೂಗಿದರು. “ಇನ್ನೊಂದು ಹತ್ತು ಹಾಕಿ ಬರ್ತೀನಿ” ಎಂದನು. ತಂಗಿ ಗೋಡೆಯ ಮೇಲಿನ ಹಳೆಯ ಗೀಟುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.