ಲಾರಿಗಳ ನೋಂದಣಿ: ರುಸುಮು ಮತ್ತು ಪರೀಕ್ಷೆ

ಬಾಡಿಗೆಗೆ ಓಡುವ ಲಾರಿಯ ನೋಂದಣಿಯು ಒಮ್ಮೆ ಮಾಡಿಸಿ ಮರೆತುಬಿಡತಕ್ಕ ಸಂಗತಿಯಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 56ನೆಯ ಪ್ರಕರಣದ ಮೇರೆಗೆ, ಜನರು ಎಫ್‌.ಸಿ. ಎಂದು ಕರೆಯುವ ಅರ್ಹತಾ ಪತ್ರವು ಜಾರಿಯಲ್ಲಿದ್ದರೆ ಮಾತ್ರ ಸಾಗಣೆಯ ವಾಹನವು ಕ್ರಮವಾಗಿ ನೋಂದಣಿಯಾದದ್ದೆಂದು ಎಣಿಸಲ್ಪಡುತ್ತದೆ. ಪತ್ರದ ಅವಧಿ ತೀರಿತೆಂದರೆ ಲಾರಿಯ ಹಣೆಯ ಮೇಲಿನ ಅಂಕಿಗಳು ಬರಿಯ ಬಣ್ಣವಾಗಿ ಉಳಿಯುತ್ತವೆ. 1939ರ ಕಾಯಿದೆಯ 38ನೆಯ ಪ್ರಕರಣವೂ ಇದನ್ನೇ ಹೇಳಿದ್ದಿತು. ಆದುದರಿಂದ ತತ್ತ್ವವು ಹೊಸದಲ್ಲ. ಅದರೊಡನೆ ನಮಗೆ ಜಗಳವೂ ಇಲ್ಲ. ಹತ್ತಿಪ್ಪತ್ತು ಟನ್ನು ಹೇರಿಕೊಂಡು ಘಟ್ಟವನ್ನಿಳಿಯುವ ವಾಹನದ ಬ್ರೇಕನ್ನು ಸರ್ಕಾರದವರು ಆಗಾಗ್ಗೆ ನೋಡಬೇಕಾದದ್ದು ನ್ಯಾಯವೇ ಸರಿ.

ನಮ್ಮ ಆಕ್ಷೇಪಣೆಯು ನೋಡುವ ಬಗೆಯನ್ನು ಕುರಿತದ್ದು. ಹೊಸ ಲಾರಿಗೆ ಎರಡು ವರ್ಷ, ಎಂಟು ವರ್ಷ ತುಂಬುವವರೆಗೆ ಎರಡೆರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ನವೀಕರಣವೆಂಬ ಕ್ರಮವು ವಿವೇಕದ್ದೇ. ಆದರೆ 2021ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದವರು ಹೊರಡಿಸಿ 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮದಿಂದ, 200 ರೂಪಾಯಿಗೆ ದೊರೆಯುತ್ತಿದ್ದ ಪತ್ರಕ್ಕೆ ಹದಿನೈದು ವರ್ಷ ಮೀರಿದ ಭಾರಿ ಲಾರಿಯವನು 12,500 ರೂಪಾಯಿಗಳನ್ನು ತೆರಬೇಕಾಯಿತು. ಪರೀಕ್ಷೆಯ ರುಸುಮು ಬೇರೆ. ಅವಧಿ ಮೀರಿದರೆ ದಿನವೊಂದಕ್ಕೆ 50 ರೂಪಾಯಿ ಬೇರೆ. 2025ರ ನವೆಂಬರಿನಲ್ಲಿ ಹೆಚ್ಚಿನ ರುಸುಮಿನ ಬಲೆಯು ಹತ್ತು ವರ್ಷದ ವಾಹನಗಳವರೆಗೂ ಚಾಚಿತು. ಇಪ್ಪತ್ತು ವರ್ಷ ಮೀರಿದ ಭಾರಿ ವಾಹನಕ್ಕೆ 25,000 ರೂಪಾಯಿ ಗೊತ್ತಾಯಿತು.

ಹಳೆಯ ವಾಹನಗಳು ತಾವಾಗಿಯೇ ಗುಜರಿಗೆ ಹೋಗಲೆಂಬುದು ಇದರ ಉದ್ದೇಶ. ಹಾಗೆ ಕಳುಹಿಸಿದವನು ಹೊಸ ಸಾಗಣೆ ವಾಹನವನ್ನು ಕೊಂಡರೆ ತೆರಿಗೆಯಲ್ಲಿ ನೂರಕ್ಕೆ 15ರವರೆಗೆ ರಿಯಾಯಿತಿಯೂ ಉಂಟು. ಆದರೆ ಹಳೆಯ ಲಾರಿಯ ಒಡೆಯನಾರು? ದೊಡ್ಡ ಸಾಗಣೆ ಕಂಪೆನಿಗಳು ಕೆಲವು ವರ್ಷ ದುಡಿಸಿ ಮಾರಿದ ಗಾಡಿಯನ್ನು ಸಾಲ ಮಾಡಿ ಕೊಂಡು, ತಾನೇ ಚಾಲಕನೂ ತಾನೇ ಮಾಲೀಕನೂ ಆಗಿರುವ ಬಡವನು. ಹೊಸ ಲಾರಿಯ ಬೆಲೆಯ ಮುಂದೆ ಈ ರಿಯಾಯಿತಿಯು ಅವನಿಗೆ ಕನ್ನಡಿಯೊಳಗಣ ಗಂಟು. ಸರ್ಕಾರದವರು ತಮ್ಮ ಸ್ವಂತ ವಾಹನಗಳ ವಿಷಯದಲ್ಲಿ ನೇರವಾಗಿ ನಡೆದುಕೊಂಡರು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದವುಗಳ ನೋಂದಣಿಯನ್ನು ನವೀಕರಿಸುವುದಿಲ್ಲವೆಂದರು. ಖಾಸಗಿಯವನಿಗಾದರೋ, ಹಣವನ್ನು ತೆತ್ತು ಓಡಿಸೆನ್ನುತ್ತಾರೆ! ಮುಪ್ಪು ಅಪಾಯಕರವಾದರೆ ಹಣದಿಂದ ಅದು ನೀಗುವುದೆಂತು? ಅಪಾಯಕರವಲ್ಲವಾದರೆ ದಂಡವೇಕೆ? ಚೆನ್ನಾಗಿ ಇಟ್ಟುಕೊಂಡ ಹದಿನಾರು ವರ್ಷದ ಲಾರಿಗೆ ದಂಡ, ಬ್ರೇಕು ಸವೆದ ಆರು ವರ್ಷದ ಲಾರಿಗೆ ಅಗ್ಗದ ಪತ್ರ ಎಂಬ ಈ ಏರ್ಪಾಟನ್ನು ರಸ್ತೆಯ ಸುರಕ್ಷತೆಯೆಂದು ನಾವು ಕರೆಯಲಾರೆವು.

ಇದರ ಕೇಡು ಲಾರಿಯವನಲ್ಲಿಯೇ ನಿಲ್ಲುವುದಿಲ್ಲ. ರುಸುಮಿಗೆ ಅಂಜಿ ಪತ್ರವಿಲ್ಲದೆ ಓಡಿದ ವಾಹನವು ದಾರಿಹೋಕನೊಬ್ಬನನ್ನು ಕೊಂದರೆ, ವಿಮಾ ಕಂಪೆನಿಯವರು ಪರಿಹಾರದ ನ್ಯಾಯಮಂಡಲಿಯ ಮುಂದೆ ಎತ್ತುವ ಮೊದಲ ತಕರಾರುಗಳಲ್ಲಿ ಅರ್ಹತಾ ಪತ್ರವಿಲ್ಲವೆಂಬುದೂ ಒಂದು. ಸತ್ತವನ ಹೆಂಡತಿ ಮಕ್ಕಳು ವರ್ಷಗಟ್ಟಲೆ ಕಚೇರಿಗಳಿಗೆ ಅಲೆಯಬೇಕು. ಖಜಾನೆಗೆ ಬಂದ ಹಣದ ಲೆಕ್ಕದಲ್ಲಿ ಇವರ ಅಲೆದಾಟವು ಎಲ್ಲಿಯೂ ಕಾಣುವುದಿಲ್ಲ.

ಇನ್ನು ಟ್ರೈಲರುಗಳ ಮಾತು. ಕಾಯಿದೆಯ ದೃಷ್ಟಿಯಲ್ಲಿ ಟ್ರೈಲರೂ ಮೋಟಾರು ವಾಹನವೇ; ಅದಕ್ಕೆ ತನ್ನದೇ ನೋಂದಣಿಯಿರಬೇಕು, ಎಳೆಯುವ ವಾಹನದ ಸಂಖ್ಯೆಯು ಕಟ್ಟಕಡೆಯ ಟ್ರೈಲರಿನ ಹಿಂಭಾಗದಲ್ಲಿಯೂ ಕಾಣಬೇಕು. ಕಬ್ಬು ಅರೆಯುವ ತಿಂಗಳುಗಳಲ್ಲಿ ಮಂಡ್ಯದಲ್ಲಾಗಲಿ, ಬಾಗಲಕೋಟೆ ಬೆಳಗಾವಿಗಳ ಕಡೆಯಲ್ಲಾಗಲಿ ರಾತ್ರಿ ಪ್ರಯಾಣ ಮಾಡಿದವರಿಗೆ ನಾವು ವರ್ಣಿಸಬೇಕಾದದ್ದೇನೂ ಇಲ್ಲ. ಒಂದು ಟ್ರಾಕ್ಟರಿನ ಹಿಂದೆ ಎರಡು ಟ್ರೈಲರು. ಕಬ್ಬು ನಾಲ್ಕು ಕಡೆಗೂ ಚಾಚಿ, ಸಂಖ್ಯೆಯಿದ್ದರೂ ಮುಚ್ಚಿಹೋಗಿರುತ್ತದೆ. ಹಿಂದೆ ದೀಪವಿಲ್ಲ, ಕೆಂಪು ಪ್ರತಿಫಲಕವೂ ಇಲ್ಲ. ಹಿಂದಿನಿಂದ ಬರುವ ಬೈಸಿಕಲ್ಲಿನವನಿಗೂ ಮೋಟಾರಿನವನಿಗೂ ಅದು ಕತ್ತಲೆಯಲ್ಲಿ ಎದ್ದುನಿಂತ ಗೋಡೆ. ದಾಖಲೆ ಇಟ್ಟುಕೊಂಡ ಲಾರಿಯವನನ್ನು ಹಿಂಡುವುದು ಸುಲಭ, ದಾಖಲೆಯೇ ಇಲ್ಲದ ಟ್ರೈಲರನ್ನು ಹುಡುಕುವುದು ಕಷ್ಟ. ಅಧಿಕಾರಿಗಳು ಸುಲಭವಾದುದನ್ನೇ ಆರಿಸಿಕೊಂಡಂತೆ ತೋರುತ್ತದೆ.

ರುಸುಮನ್ನು ಗೊತ್ತುಮಾಡುವವರು ಕೇಂದ್ರದವರು, ಲಾರಿಯವನ ಎದುರಿಗಿರುವವರು ರಾಜ್ಯದವರು. ವಯಸ್ಸಿನ ಮೇಲಿನ ರುಸುಮನ್ನು ಇಳಿಸಿ, ಪರೀಕ್ಷೆಯನ್ನು ಬಿಗಿಮಾಡಬೇಕೆಂದು ನಾವು ಮೊದಲಿನವರನ್ನು ಒತ್ತಾಯಪಡಿಸುತ್ತೇವೆ. ಯಂತ್ರದಿಂದಲೇ ಬ್ರೇಕು, ಹೊಗೆ, ದೀಪಗಳನ್ನು ಅಳೆಯುವ ಪರೀಕ್ಷಾ ಕೇಂದ್ರಗಳನ್ನು ಕಡ್ಡಾಯಮಾಡುವ ಗಡುವನ್ನು ಅವರು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹಾಕಿದರು. ರುಸುಮಿನ ಗಡುವಿಗೆ ಮಾತ್ರ ಆ ದಾಕ್ಷಿಣ್ಯ ದೊರೆಯಲಿಲ್ಲ. ರಾಜ್ಯದವರಿಂದ ನಾವು ಬೇಡುವುದು ಎರಡೇ. ಅವಧಿಯೊಳಗೆ ಅರ್ಜಿ ಹಾಕಿ ಪರೀಕ್ಷೆಯ ದಿನಕ್ಕಾಗಿ ಕಾದವನಿಂದ ದಿನದಂಡವನ್ನು ವಸೂಲು ಮಾಡಕೂಡದು. ಕಬ್ಬಿನ ಹಂಗಾಮು ಮೊದಲಾಗುವುದಕ್ಕೆ ಮುಂಚೆ ಮೋಟಾರು ಇಲಾಖೆಯ ಇನ್‌ಸ್ಪೆಕ್ಟರು ಪ್ರತಿಯೊಂದು ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿಯೇ ಕುಳಿತು, ಟ್ರೈಲರುಗಳನ್ನು ಅಲ್ಲಿಯೇ ನೋಡಿ, ನೋಂದಣಿಯ ಅರ್ಜಿಗಳನ್ನು ಅಲ್ಲಿಯೇ ತೆಗೆದುಕೊಂಡು, ಪ್ರತಿಫಲಕವನ್ನು ತನ್ನ ಕಣ್ಣೆದುರಿಗೇ ಹಚ್ಚಿಸಿ ಕಳುಹಿಸಬೇಕು.