ಆ ಮುಂಡಿಗೆಗಳನ್ನು ಲಾರಿಗೆ ಹತ್ತಿಸಬೇಡಿ

ಹೋದ ಬೇಸಿಗೆಯಲ್ಲಿ ಶಂಕರಘಟ್ಟದಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ ಲಕ್ಕವಳ್ಳಿ ಕಡೆಯಿಂದ ಒಂದು ಲಾರಿ ಬಂದು ನಿಂತಿತು. ಅದರೊಳಗೆ ಒಂದು ಇಡೀ ಮನೆ ಮಲಗಿತ್ತು. ಆರು ಬೀಟೆ ಮುಂಡಿಗೆ, ಬೋದಿಗೆಗಳು, ತೊಲೆ, ಹಗ್ಗ ಬಿಗಿದ ಹೆಬ್ಬಾಗಿಲು. "ಬೆಂಗಳೂರಿಗೆ ಸಾರ್, ಯಾವುದೋ ರೆಸಾರ್ಟಿಗಂತೆ" ಎಂದ ಡ್ರೈವರ್.

ಹತ್ತಿರ ಹೋಗಿ ಒಂದು ಮುಂಡಿಗೆ ಮುಟ್ಟಿದೆ. ಕೂತವರ ಬೆನ್ನು ತಾಗುವಷ್ಟು ಎತ್ತರದಲ್ಲಿ ಮರ ಎಣ್ಣೆ ಹತ್ತಿ ಕಪ್ಪಾಗಿ ಕನ್ನಡಿಯಂತೆ ನುಣುಪಾಗಿತ್ತು. ನಾಲ್ಕೈದು ತಲೆಮಾರು ಜಗುಲಿಯಲ್ಲಿ ಒರಗಿ ಕೂತ ಗುರುತು ಅದು. ಸ್ವಲ್ಪ ಮೇಲೆ ಸುಣ್ಣದ ಬೊಟ್ಟುಗಳು, ಐದೈದರ ಸಾಲು. ಯಾರೋ ಭತ್ತ ಅಳೆಯುವಾಗ ಇಟ್ಟ ಲೆಕ್ಕ. ಬುಡದಲ್ಲಿ ಉಳಿಯಿಂದ ಕೊರೆದ ಮೂರು ಗೆರೆ, ಪಕ್ಕದ ತೊಲೆಯ ತುದಿಯಲ್ಲೂ ಅದೇ ಮೂರು ಗೆರೆ. ಯಾವ ತೊಲೆ ಯಾವ ಕಂಬಕ್ಕೆ ಎಂದು ಬಡಗಿ ಹಾಕಿಕೊಂಡ ಗುರುತು. ಮೊಳೆಯ ತೂತು ಎಲ್ಲೂ ಕಾಣಲಿಲ್ಲ. ಮರಕ್ಕೆ ಮರದ ಬೆಣೆಯೇ ಆಧಾರ. ನನಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಈ ಸೀಮೆಯ ಇಂಥ ತೊಟ್ಟಿಮನೆಗಳು ವಿಕ್ಟೋರಿಯಾ ರಾಣಿಯ ಛಾಪಿನ ರೂಪಾಯಿ ಚಲಾವಣೆಯಲ್ಲಿದ್ದ ಕಾಲದವು. ಕುವೆಂಪು 1967ರಲ್ಲಿ ಪ್ರಕಟಿಸಿದ 'ಮಲೆಗಳಲ್ಲಿ ಮದುಮಗಳು' ನಡೆಯುವುದೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ, ಇಂಥವೇ ಜಗುಲಿ, ಅಟ್ಟ, ಉಪ್ಪರಿಗೆಗಳಲ್ಲಿ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟದ ಮೇಲಿನ ಸೂರುಗಳೂ ನಿಧಾನಕ್ಕೆ ಕೆಂಪಾದವು. ಸೂರಿನ ಕೆಳಗಿನ ಮರ ಮಾತ್ರ ಇಲ್ಲಿಯದೇ. ಬೀಟೆ, ಹೊನ್ನೆ, ಮತ್ತಿ, ನಂದಿ, ಹಲಸು.

ಆ ಮರ ಕೊಟ್ಟ ಕಾಡು ಈಗ ಎಲ್ಲಿದೆ? 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಬೇಕಾದ ಇದ್ದಿಲನ್ನು ಕೊಟ್ಟದ್ದು ಈ ಸೀಮೆಯ ಮರಗಳೇ. ಆಮೇಲೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಎದ್ದಿತು, ಕಾಡೂ ಊರೂ ನೀರಿನಡಿ ಹೋದವು. ಕಾರ್ಖಾನೆ ಬೇಡವಾಗಿತ್ತು, ಅಣೆಕಟ್ಟು ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆ ನೀರು, ಆ ಸಂಬಳ ಉಂಡವರೇ ನಾವು. ಆದರೆ ಅಷ್ಟು ಹಳೆಯ, ಅಷ್ಟು ದಪ್ಪದ ಬೀಟೆ ಇನ್ನು ನಿಮಗೆ ಕಾಣುವುದು ಹೆಚ್ಚಾಗಿ ಹಳೆ ಮನೆಯ ಮುಂಡಿಗೆಯಲ್ಲಿ. ಅದನ್ನು ಕಿತ್ತರೆ ಮತ್ತೊಂದನ್ನು ನೆಡಲು ನಮ್ಮ ಆಯುಷ್ಯ ಸಾಲದು.

ಮನೆ ಮಾರಿದವರನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಪಾಲಾದ ಮನೆಯನ್ನು ನಾಲ್ಕು ಜನ ಅಣ್ಣತಮ್ಮಂದಿರು ಹೇಗೆ ಹಂಚಿಕೊಳ್ಳಬೇಕು? ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಆಳು ಸಿಗುವುದಿಲ್ಲ. ಒಂದು ಹೆಂಚು ಸರಿದರೆ ಜಂತಿ ನೆನೆಯುತ್ತದೆ, ನೆನೆದ ಜಂತಿಗೆ ಗೆದ್ದಲು ಹತ್ತುತ್ತದೆ. ಸೌದೆ ಒಲೆಯ ಹೊಗೆ ಹುಳವನ್ನು ದೂರವಿಡುತ್ತಿತ್ತು, ಗ್ಯಾಸ್ ಬಂದ ಮೇಲೆ ಆ ಕಾವಲೂ ಹೋಯಿತು. ಇಂಥ ಮನೆಗೆ ಜನ ವಾಸವಿರುವುದೇ ಅರ್ಧ ರಿಪೇರಿ.

ಮರ ಎಷ್ಟು ದಿನ ಬಾಳೀತು ಎನ್ನುವವರಿಗೆ ಜಪಾನಿನ ಹೊರ್ಯೂಜಿ ದೇಗುಲ ತೋರಿಸಬೇಕು. ಮರದ ಆ ಕಟ್ಟಡಗಳು ಸಾವಿರದ ಮುನ್ನೂರು ವರ್ಷಗಳಿಂದ ನಿಂತಿವೆ, ಕಾಲಕಾಲಕ್ಕೆ ಬಿಚ್ಚಿ ರಿಪೇರಿ ಮಾಡುವವರಿದ್ದಾರೆ. ಅಷ್ಟು ದೂರವೇಕೆ, ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಕವಿಮನೆ ಇಲ್ಲವೇ? ಶಿವಮೊಗ್ಗದಲ್ಲಿ ಮರದ ಕಂಬಗಳ ಶಿವಪ್ಪನಾಯಕನ ಅರಮನೆ ಇಲ್ಲವೇ? ಒಂದು ಕವಿಯ ಹೆಸರಿನಿಂದ, ಇನ್ನೊಂದು ಅರಸನ ಹೆಸರಿನಿಂದ ಉಳಿಯಿತು. ಹೆಸರಿಲ್ಲದ ಗೃಹಸ್ಥನ ಮನೆಯನ್ನು ಕಾಯುವವರು ಯಾರು? ನೂರು ವರ್ಷ ದಾಟಿದ ಕಟ್ಟಡವನ್ನು ರಕ್ಷಿಸಲು ರಾಜ್ಯದಲ್ಲಿ 1961ರ ಕಾಯ್ದೆ ಇದೆ. ಆದರೆ ನಮ್ಮ ಕಣ್ಣಿಗೆ ಪರಂಪರೆಯೆಂದು ಕಾಣುವುದು ಕಲ್ಲಿನ ಗುಡಿ, ಕೋಟೆ, ವೀರಗಲ್ಲು. ಅವನ್ನು ಉಳಿಸಿದ್ದು ಸರಿಯೇ. ಬಾಣಂತಿ ಮಲಗಿದ ಕೋಣೆ, ಭತ್ತ ತುಂಬಿದ ಕಣಜ ಪರಂಪರೆಯಲ್ಲವೆಂದು ತೀರ್ಮಾನಿಸಿದ್ದು ತಪ್ಪು.

ಶಂಕರಘಟ್ಟದ ವಿಶ್ವವಿದ್ಯಾಲಯ ಹೊತ್ತಿರುವುದು ತೊಟ್ಟಿಮನೆಯಲ್ಲಿ ಬೆಳೆದ ಆ ಕವಿಯ ಹೆಸರನ್ನು. ಅಲ್ಲಿನ ಇತಿಹಾಸ, ಕನ್ನಡ ವಿಭಾಗಗಳ ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಈ ವರ್ಷ ವಿದ್ಯಾರ್ಥಿಗಳನ್ನು ಅಳತೆ ಟೇಪು, ಕ್ಯಾಮೆರಾ ಕೊಟ್ಟು ಸುತ್ತಲ ಊರುಗಳಿಗೆ ಕಳಿಸಿ. ಒಂದೊಂದು ಮನೆಯ ನಕ್ಷೆ ಬರೆಸಿ, ಮರದ ಹೆಸರು ಬರೆಸಿ, ಮನೆಯ ಅಜ್ಜಿಯ ಮಾತು ಬರೆಸಿ. ಸರ್ಕಾರದವರೇ, ವಾಸವಿರುವ ಹಳೆ ಮನೆಯ ಹೆಂಚಿಗೆ, ಜಂತಿಗೆ ರಿಪೇರಿ ಹಣ ಕೊಡಿ. ಪರಂಪರೆಯ ಮನೆಯೆಂಬ ಬೋರ್ಡು ಆಮೇಲೆ ಹಾಕಬಹುದು.

ಪಾಲು ಪಂಚಾಯ್ತಿಗೆ ಕೂತ ಅಣ್ಣತಮ್ಮಂದಿರೇ, ಮುಂಡಿಗೆಗೆ ರೇಟು ಹೇಳಲು ಬಂದವನನ್ನು ಒಂದು ಮಳೆಗಾಲ ಕಾಯಿಸಿ. ಅಷ್ಟರೊಳಗೆ ಎಲ್ಲರೂ ಒಂದು ದಿನ ಊರಿಗೆ ಬನ್ನಿ, ಏಣಿ ಹಾಕಿ, ಹೆಂಚು ಕೈಯಾಡಿಸಿ. ಮಾರುವ ಮಾತನ್ನು ಆ ಜಗುಲಿಯಲ್ಲೇ, ಆ ಮುಂಡಿಗೆಗೆ ಒರಗಿ ಕೂತು ಆಡಿ.