ಗಿಳಿಮರಿ ಮತ್ತು ಕರಡಿ

ಬೇಸಿಗೆಯ ಆರಂಭದಲ್ಲಿ ಅಮದಳ್ಳಿಯ ಒಂದು ಮನೆಗೆ ಹೋಗಿದ್ದಾಗ ಅಡುಗೆಮನೆಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯೊಂದು ಕಂಡಿತು. ಒಣಗಿದ ತೆಂಗಿನ ಮರ ಕಡಿಸಿದಾಗ ಪೊಟರೆಯಿಂದ ಬಿದ್ದ ಗಿಳಿಮರಿ ಅದರಲ್ಲಿತ್ತು. ಕೋಳಿ ಅಂಗಳ ಗಲೀಜು ಮಾಡಿದರೂ ಸಹಿಸದ ಆ ಮನೆಯ ಅಜ್ಜಿಯೇ ಅದಕ್ಕೆ ಗಂಜಿ ಉಣಿಸುತ್ತಿದ್ದರು. “ಫಾದರ್, ಇದನ್ನು ಇಟ್ಟುಕೊಂಡರೆ ಪಾಪವೇ?” ಎಂದು ಕೇಳಿದರು. ಪಾಪದ ಮಾತು ಹಾಗಿರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ, ಅರಣ್ಯ ಇಲಾಖೆಗೆ ಒಪ್ಪಿಸಿಬಿಡಿ ಎಂದೆ. ಉತ್ತರ ಸರಿಯೇ ಇತ್ತು. ಅವರ ಮುಖ ನೋಡಿದ ಮೇಲೆ ಮಾತ್ರ ಅಷ್ಟು ಸಾಲದೆನಿಸಿತು.

ವಿವೇಚನೆಯಿಲ್ಲದ ಪ್ರಾಣಿಯೊಡನೆ ನಿಜಾರ್ಥದ ಸ್ನೇಹ ಸಾಧ್ಯವಿಲ್ಲವೆಂಬುದು ಸಂತ ಥಾಮಸ್ ಅಕ್ವಿನಾಸರ ವಾದ. ಗುರುಮಠದಲ್ಲಿ ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವನು ನಾನು. ಆ ವಾದವನ್ನು ನನ್ನೊಳಗೆ ಅಲುಗಿಸಿದ್ದು ಒಂದು ಕರಡಿ.

ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ನಮ್ಮವರಿಗೆ ಪರಿಚಿತನಾದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್, ಮೈಸೂರಿನ ಬಳಿಯ ಕಬ್ಬಿನ ಗದ್ದೆಯಲ್ಲಿ ಸಿಕ್ಕ ಕರಡಿಮರಿಯೊಂದನ್ನು ಹೆಂಡತಿಗೆ ತಂದುಕೊಟ್ಟ. ಈ ವೃತ್ತಾಂತ ಒಂಬತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಇಂಗ್ಲಿಷ್ ಪಠ್ಯದಲ್ಲಿ ಅನೇಕ ವರ್ಷ ಪಾಠವಾಗಿತ್ತು. ನಿಮ್ಮ ಮಕ್ಕಳೂ ಓದಿರಬಹುದು. ಬಾಟಲಿ ಹಾಲಿನಿಂದ ತೊಡಗಿದ ಮರಿ, ಮುಂದೆ ಮನೆಯಲ್ಲಿದ್ದುದನ್ನೆಲ್ಲ ತಿಂದಿತು, ಒಮ್ಮೆ ಇಲಿ ಪಾಷಾಣವನ್ನೂ! ಪಾರ್ಶ್ವವಾಯು ಬಡಿದು, ಪಶುವೈದ್ಯರ ಚುಚ್ಚುಮದ್ದಿನಿಂದ ಬದುಕಿತು. ಬೆಳೆದು ದೊಡ್ಡದಾದಾಗ ಮನೆಯವರು ಅದನ್ನು ಮೈಸೂರು ಮೃಗಾಲಯಕ್ಕೆ ಕಳುಹಿಸಿದರು. ಅಲ್ಲಿ ಅದು ಸೊರಗಿತು, ಇಲ್ಲಿ ಆಕೆ ಕೊರಗಿದಳು. ಮೂರು ತಿಂಗಳ ತರುವಾಯ ಆಕೆ ನೋಡಲು ಹೋದಾಗ ಕರಡಿ ದೂರದಿಂದಲೇ ಗುರುತಿಸಿ, ಹರ್ಷದಿಂದ ತಲೆಕೆಳಗಾಗಿ ನಿಂತಿತಂತೆ. ಕೊನೆಗೆ ಅಧಿಕಾರಿಗಳ ಅನುಮತಿ ಪಡೆದು ಮನೆಗೇ ಮರಳಿ ತಂದರು. ಹಿತ್ತಲಲ್ಲಿ ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಒಂದು ದ್ವೀಪ. ಸುತ್ತ ಏಳು ಅಡಿ ಆಳದ ಒಣ ಕಂದಕ. ಮಾವಿನ ಕೊಂಬೆಗೆ ಕಟ್ಟಿದ ಹಗ್ಗದ ನೆರವಿನಿಂದ ಆಕೆ ಕಂದಕ ದಾಟಿ ಹೋಗಿ, ಆ ಭಾರಿ ಪ್ರಾಣಿಯನ್ನು ಗಂಟೆಗಟ್ಟಲೆ ಮಡಿಲಲ್ಲಿಟ್ಟು ಕೂರುತ್ತಿದ್ದಳು.

ಇದು ಸ್ನೇಹವಲ್ಲವೆಂದು ನಾನು ಈಗ ಸುಲಭವಾಗಿ ಹೇಳಲಾರೆ. ಆದರೆ ಈ ಮನಮಿಡಿಯುವ ಕಥೆಯಲ್ಲಿ ಒಂದು ಸಂಗತಿಯನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಮರಿ ತಬ್ಬಲಿಯಾದದ್ದು ಬೇಟೆಯ ತಂಡದವನೊಬ್ಬ ತಾಯಿಕರಡಿಯನ್ನು ಕೊಂದುದರಿಂದ. ಮರಿ ಆಗ ಅದರ ಬೆನ್ನ ಮೇಲಿತ್ತು. ಮಮತೆ ಎಷ್ಟೇ ನಿಜವಾದರೂ ಆ ಗುಂಡಿಗೆ ಅದು ಉತ್ತರವಲ್ಲ. ದ್ವೀಪ ಕಾಡಲ್ಲ. ಅಂದು ಈ ಕಾಯ್ದೆ ಇರಲಿಲ್ಲ, ಕೈತುತ್ತು ತಿಂದು ಬೆಳೆದ ಕರಡಿಯನ್ನು ಕಾಡಿಗೆ ಬಿಟ್ಟರೆ ಬದುಕುತ್ತಿತ್ತೆಂದೂ ನಂಬಲಾಗದು. ಆ ಹೆಂಗಸನ್ನು ನಾನು ದೂರುವುದಿಲ್ಲ. ಇಂದು ಕರಡಿಗಳಿಗಾಗಿಯೇ ದರೋಜಿಯಲ್ಲಿ ಧಾಮವಿದೆ, ನಮಗೆ ಆ ನೆವ ಇಲ್ಲ. ಪಂಜರದ ಗಿಳಿ ನಮ್ಮ ಹೆಸರು ಕರೆದರೆ ಸಂತೋಷ ನಮಗೆ. ಗಿಳಿಗೆ ಏನು ಸಿಕ್ಕಿತೆಂದು ಯಾರೂ ಕೇಳುವುದಿಲ್ಲ.

ಇದನ್ನೆಲ್ಲ ಅಜ್ಜಿಯ ಬಳಿ ಕುಳಿತು ಹೇಳಿದೆ. ಅವರು ಕರಡಿಯ ಕಥೆ ಕೇಳಿ ಕಣ್ಣೊರೆಸಿಕೊಂಡರು, ಉಪದೇಶಕ್ಕೆ ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಮೊಮ್ಮಗನೊಡನೆ ತಾವೇ ಬಸ್ಸು ಹತ್ತಿ ಪೆಟ್ಟಿಗೆಯನ್ನು ಕಾರವಾರಕ್ಕೆ ಒಯ್ದರು. ಗಂಜಿ ಎಷ್ಟು ಆರಿರಬೇಕೆಂದು ಅರಣ್ಯ ಸಿಬ್ಬಂದಿಗೆ ಎರಡೆರಡು ಸಲ ಹೇಳಿ ಬಂದರಂತೆ.